ಕೇಳಿಸಿಕೊಳ್ಳುವ ಸ್ಪೀಕರ್

ಸ್ಪೀಕರನ್ನೂ ಮೈಕನ್ನೂ ಬಿಚ್ಚಿ ಪಕ್ಕಪಕ್ಕ ಇಟ್ಟರೆ ಎರಡೂ ಒಂದೇ ವಂಶದವು ಎಂಬುದು ಕಣ್ಣಿಗೇ ಕಾಣುತ್ತದೆ. ಎರಡರಲ್ಲೂ ಒಂದು ಅಯಸ್ಕಾಂತ, ಅದರ ಕಿರಿದಾದ ಸಂದಿಯಲ್ಲಿ ತೇಲುವಂತೆ ಕೂರಿಸಿದ ತಂತಿಯ ಸುರುಳಿ, ಸುರುಳಿಗೆ ಅಂಟಿಕೊಂಡ ಒಂದು ಪೊರೆ. ಸುರುಳಿಯಲ್ಲಿ ವಿದ್ಯುತ್ ಹರಿಸಿದರೆ ಅದು ಹಿಂದಕ್ಕೂ ಮುಂದಕ್ಕೂ ಚಲಿಸುತ್ತದೆ, ಪೊರೆ ಗಾಳಿಯನ್ನು ತಳ್ಳುತ್ತದೆ, ಸದ್ದು ಹುಟ್ಟುತ್ತದೆ. ಇದು ಸ್ಪೀಕರ್. ಹೊರಗಿನ ಸದ್ದು ಬಂದು ಪೊರೆಯನ್ನು ಅಲುಗಾಡಿಸಿದರೆ ಸುರುಳಿ ಕಾಂತಕ್ಷೇತ್ರದೊಳಗೆ ಸರಿದಾಡಿ ತಂತಿಯ ತುದಿಗಳಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಇದು ಡೈನಮಿಕ್ ಮೈಕ್. ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ವಿದ್ಯುತ್ಕಾಂತೀಯ ಪ್ರೇರಣೆಯೇ ಇದರ ಆಧಾರ. ಹಾಗಾಗಿ ಒಂದು ಸಾಮಾನ್ಯ ಸ್ಪೀಕರಿನ ತಂತಿಗಳನ್ನು ಆಂಪ್ಲಿಫೈಯರಿನ ಔಟ್‌ಪುಟ್‌ನಿಂದ ಬಿಡಿಸಿ ಮೈಕಿನ ಇನ್‌ಪುಟ್‌ಗೆ ಸಿಕ್ಕಿಸಿದರೆ ಅದು ಮಾತಾಡುವುದನ್ನು ಬಿಟ್ಟು ಕೇಳಿಸಿಕೊಳ್ಳತೊಡಗುತ್ತದೆ. ರೆಕಾರ್ಡಿಂಗ್ ಎಂಜಿನಿಯರುಗಳು ಈ ಗುಣವನ್ನು ಅರವತ್ತು ವರ್ಷಗಳಿಂದ ದುಡಿಸಿಕೊಳ್ಳುತ್ತಿದ್ದಾರೆ. ಬೇಸ್ ಗಿಟಾರ್ ಮತ್ತು ಡ್ರಮ್ ಸೆಟ್ಟಿನಲ್ಲಿ ಕಾಲಿನ ಪೆಡಲಿನಿಂದ ಬಾರಿಸುವ ಕಿಕ್ ಡ್ರಮ್‌ಗೆ ಇದರ ಬಳಕೆ ಹೆಚ್ಚು.

ಈ ಅದಲುಬದಲು ಸ್ಟುಡಿಯೋಗಳಲ್ಲಿ ಕಂಡುಹಿಡಿದದ್ದೇನಲ್ಲ. ದೂರವಾಣಿ ಹುಟ್ಟಿದ್ದೇ ಹೀಗೆ. ಅಲೆಗ್ಸಾಂಡರ್ ಗ್ರಹಾಂ ಬೆಲ್‌ಗೆ 1876ರ ಮಾರ್ಚ್‌ನಲ್ಲಿ ಪೇಟೆಂಟ್ ಸಿಕ್ಕ ಮೇಲೆ ಬಳಕೆಗೆ ಬಂದ ಮೊದಲ ದೂರವಾಣಿಗಳಲ್ಲಿ ಆಡುವುದಕ್ಕೂ ಕೇಳುವುದಕ್ಕೂ ಒಂದೇ ಉಪಕರಣವಿತ್ತು. ಮಾತಾಡುವಾಗ ಅದನ್ನು ಬಾಯಿಗೆ ಹಿಡಿದು, ಉತ್ತರ ಬರುವಾಗ ಕಿವಿಗೆ ಒಯ್ಯಬೇಕಿತ್ತು. ಮನುಷ್ಯನ ದನಿಯ ಬಲದಿಂದಲೇ ಹುಟ್ಟುವ ವಿದ್ಯುತ್ತು ತೀರಾ ಕ್ಷೀಣವಾದ್ದರಿಂದ ದೂರ ಹೆಚ್ಚಿದಂತೆ ಮಾತು ಅಡಗಿಹೋಗುತ್ತಿತ್ತು. ಎಡಿಸನ್‌ನ ಇಂಗಾಲದ ಟ್ರಾನ್ಸ್‌ಮಿಟರ್ ಬಂದ ಮೇಲೆ ಬಾಯಿಯ ಕಡೆಗೆ ಒಂದು ತಂತ್ರ, ಕಿವಿಯ ಕಡೆಗೆ ಇನ್ನೊಂದು ಎಂದು ದಾರಿ ಬೇರೆಯಾಯಿತು. 1920ರ ದಶಕದ ನಡುವೆ ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಇಂದಿನ ಕಾಗದದ ಕೋನಿನ ಸ್ಪೀಕರಿಗೆ ಅಡಿಪಾಯ ಹಾಕಿದರು. 1931ರಲ್ಲಿ ಬೆಲ್ ಪ್ರಯೋಗಾಲಯದ ವೆಂಟೆ ಮತ್ತು ಥುರಾಸ್ ಸುರುಳಿಯ ಮೈಕನ್ನು ವಿವರಿಸಿ ಬರೆದರು. ಅವರ ಪ್ರಬಂಧ ಕಿವಿಗಿಡುವ ರಿಸೀವರ್ ಮತ್ತು ಮೈಕ್ ಎರಡನ್ನೂ ಒಟ್ಟಿಗೇ ಚರ್ಚಿಸುತ್ತದೆ, ಎರಡರ ಗಣಿತವೂ ಒಂದೇ ಆದ್ದರಿಂದ. ಅಮೆರಿಕದ ಯುದ್ಧನೌಕೆಗಳಲ್ಲಿ ಬ್ಯಾಟರಿಯೇ ಇಲ್ಲದೆ, ಮಾತಾಡುವವನ ದನಿಯ ಬಲದಿಂದಲೇ ಕೆಲಸ ಮಾಡುವ ದೂರವಾಣಿಗಳು ಎರಡನೇ ಮಹಾಯುದ್ಧದುದ್ದಕ್ಕೂ ಬಳಕೆಯಲ್ಲಿದ್ದವು. ಕಚೇರಿಗಳ ಹಳೆಯ ಇಂಟರ್‌ಕಾಮ್ ಪೆಟ್ಟಿಗೆಯಲ್ಲಿಯೂ ಇದ್ದದ್ದು ಒಂದೇ ಪುಟ್ಟ ಸ್ಪೀಕರ್. ಗುಂಡಿ ಒತ್ತಿದಾಗ ಅದು ಮೈಕ್, ಬಿಟ್ಟಾಗ ಮತ್ತೆ ಸ್ಪೀಕರ್.

ಸಂಗೀತದ ರೆಕಾರ್ಡಿಂಗ್‌ನಲ್ಲಿ ಈ ಉಪಾಯಕ್ಕೆ ಹೆಸರು ತಂದುಕೊಟ್ಟದ್ದು ಲಂಡನ್ನಿನ ಅಬೆ ರೋಡಿನಲ್ಲಿದ್ದ ಇಎಂಐ ಸ್ಟುಡಿಯೋ. 1966ರ ಏಪ್ರಿಲ್ 13 ಮತ್ತು 14ರಂದು ಬೀಟಲ್ಸ್ ತಂಡ ಅಲ್ಲಿ ‘ಪೇಪರ್‌ಬ್ಯಾಕ್ ರೈಟರ್’ ಹಾಡನ್ನು ಧ್ವನಿಮುದ್ರಿಸಿತು. ಅದುವರೆಗೆ ತಂಡದ ಎಂಜಿನಿಯರ್ ಆಗಿದ್ದ ನಾರ್ಮನ್ ಸ್ಮಿತ್ ನಿರ್ಮಾಪಕರಾಗಿ ಬಡ್ತಿ ಪಡೆದಿದ್ದರು. ಅವರ ಜಾಗಕ್ಕೆ ಬಂದ ಜೆಫ್ ಎಮೆರಿಕ್‌ಗೆ ಆಗ ಇಪ್ಪತ್ತು ವರ್ಷ. ಆ ಹೊಣೆ ಹೊತ್ತು ಒಂದು ವಾರವಷ್ಟೇ ಆಗಿತ್ತು. ಅಮೆರಿಕದ ಸೋಲ್ ಸಂಗೀತದ ರೆಕಾರ್ಡುಗಳಲ್ಲಿ ಬೇಸ್ ಗಿಟಾರ್ ಎದೆಗೆ ತಟ್ಟುವಂತೆ ಕೇಳುತ್ತಿತ್ತು, ಬೀಟಲ್ಸ್ ರೆಕಾರ್ಡುಗಳಲ್ಲಿ ಅದು ಹಿಂದೆಲ್ಲೋ ಉಳಿದುಬಿಡುತ್ತಿತ್ತು. ಸೋಲ್ ಗಾಯಕ ವಿಲ್ಸನ್ ಪಿಕೆಟ್‌ನ ಒಂದು ರೆಕಾರ್ಡನ್ನು ಮುಂದಿಟ್ಟು, ಅದರಲ್ಲಿರುವ ಬೇಸ್ ತಮ್ಮದರಲ್ಲಿ ಏಕಿಲ್ಲ ಎಂದು ತಂಡದ ಜಾನ್ ಲೆನನ್ ಕೇಳಿದರಂತೆ.

ಎಮೆರಿಕ್‌ನ ತರ್ಕ ಸರಳವಾಗಿತ್ತು. ಬೇಸ್ ಗಿಟಾರಿನ ಆಂಪ್ಲಿಫೈಯರಿನಲ್ಲಿ ದೊಡ್ಡ ಸ್ಪೀಕರ್ ಇದೆ, ಅಷ್ಟು ತಗ್ಗಿನ ನಾದವನ್ನು ಹೊರಡಿಸಲು ಅದಕ್ಕೆ ಶಕ್ತಿಯಿದೆ. ಹೊರಡಿಸಬಲ್ಲದ್ದಕ್ಕೆ ಹಿಡಿದುಕೊಳ್ಳುವ ಶಕ್ತಿಯೂ ಇರಲೇಬೇಕು. ಸ್ಟುಡಿಯೋದ ತಾಂತ್ರಿಕ ಎಂಜಿನಿಯರ್ ಕೆನ್ ಟೌನ್‌ಸೆಂಡ್ ಒಂದು ದೊಡ್ಡ ಸ್ಪೀಕರಿನ ತಂತಿಗಳನ್ನು ಬದಲಿಸಿ ಅದನ್ನು ಮೈಕಿನಂತೆ ಜೋಡಿಸಿಕೊಟ್ಟರು. ಅದನ್ನು ತಂಡದ ಬೇಸ್ ವಾದಕ ಪಾಲ್ ಮೆಕಾರ್ಟ್ನಿಯ ಆಂಪ್ಲಿಫೈಯರಿನ ಸ್ಪೀಕರಿಗೆ ಮುಖಾಮುಖಿಯಾಗಿ, ಹತ್ತಿರದಲ್ಲಿ ನಿಲ್ಲಿಸಲಾಯಿತು. ಒಂದರ ಕೋನ್ ತಳ್ಳಿದ ಗಾಳಿ ಇನ್ನೊಂದರ ಕೋನನ್ನು ತಳ್ಳಿತು, ಎರಡನೆಯದರ ಸುರುಳಿಯಲ್ಲಿ ಹುಟ್ಟಿದ ವಿದ್ಯುತ್ತು ಟೇಪಿಗೆ ಹೋಯಿತು. ಕೆನ್ ಟೌನ್‌ಸೆಂಡ್ ಅದೇ ದಿನಗಳಲ್ಲಿ, ಗಾಯಕ ಒಂದೇ ಸಲ ಹಾಡಿದ್ದನ್ನು ಎರಡು ಸಲ ಹಾಡಿದಂತೆ ಕೇಳಿಸುವ ಎಡಿಟಿ ಎಂಬ ಟೇಪ್ ತಂತ್ರವನ್ನೂ ರೂಪಿಸಿದವರು. ಬೀಟಲ್ಸ್ ಧ್ವನಿಯ ಇತಿಹಾಸದಲ್ಲಿ ಈ ಮನುಷ್ಯನಿಗೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ. ಉಪಾಯ ಹೊಳೆಯುವುದು ಒಂದು ಮಾತು. ಇಎಂಐನಂಥ ಸಂಸ್ಥೆಯೊಂದರ ಕಟ್ಟುಪಾಡುಗಳ ನಡುವೆ ಬೆಸುಗೆಯ ಕಡ್ಡಿ ಹಿಡಿದು ಅದನ್ನು ಆಗಿಸುವುದು ಇನ್ನೊಂದು.

ಆ ಕಟ್ಟುಪಾಡುಗಳೂ ಸಣ್ಣವಲ್ಲ. ಇಎಂಐನಲ್ಲಿ ಯಾವ ಮೈಕನ್ನು ಎಷ್ಟು ದೂರದಲ್ಲಿ ಇಡಬೇಕು ಎಂಬುದಕ್ಕೆ ನಿಯಮವಿತ್ತು. ಕಿಕ್ ಡ್ರಮ್ಮಿಗೆ ಮೈಕನ್ನು ತೀರಾ ಹತ್ತಿರ ಒಯ್ದರೆ ಗಾಳಿಯ ಹೊಡೆತಕ್ಕೆ ಬೆಲೆಬಾಳುವ ಪೊರೆ ಹರಿದೀತು ಎಂಬುದು ಅದಕ್ಕೆ ಕಾರಣ. ರೆಕಾರ್ಡ್ ಕೊರೆಯುವ ಕೋಣೆಯದು ಬೇರೆಯೇ ಚಿಂತೆ. ತಗ್ಗಿನ ನಾದ ಹೆಚ್ಚಾದಷ್ಟೂ ರೆಕಾರ್ಡಿನ ಗೀರು ಅಡ್ಡಡ್ಡ ಅಗಲವಾಗಿ ತೂಗುತ್ತದೆ, ಮನೆಯ ಅಗ್ಗದ ಪ್ಲೇಯರಿನ ಮುಳ್ಳು ಗೀರಿನಿಂದ ಹಾರಿಬೀಳಬಹುದು. ಆದ್ದರಿಂದ ಟೇಪಿನಲ್ಲಿ ಎಷ್ಟೇ ಬೇಸ್ ತುಂಬಿದರೂ ಕೊರೆಯುವಾಗ ಅದನ್ನು ಕತ್ತರಿಸುವುದು ರೂಢಿಯಾಗಿತ್ತು. ಈ ಹಾಡನ್ನು ಕೊರೆಯುವಾಗ ಮಾತ್ರ, ಮಿತಿಮೀರಿದ ಏರಿಳಿತವನ್ನು ತಾನಾಗಿ ಹದ್ದಿನಲ್ಲಿಡುವ ಹೊಸ ಸಾಧನವೊಂದನ್ನು ಬಳಸಲಾಯಿತು. ಹೀಗಾಗಿ ಬೇಸ್ ಕೇಳುಗರ ಮನೆಯವರೆಗೂ ತಲುಪಿತು.

ಈ ಹಾಡಿನ ಬೇಸಿನ ಕೀರ್ತಿಯನ್ನೆಲ್ಲ ಸ್ಪೀಕರಿಗೆ ಕಟ್ಟಿಬಿಡುವುದು ಸರಿಯಲ್ಲ. ಮೆಕಾರ್ಟ್ನಿ ಹಳೆಯ ಹಾಫ್ನರ್ ಬೇಸ್ ಗಿಟಾರಿನ ಬದಲಿಗೆ ರಿಕೆನ್‌ಬ್ಯಾಕರ್ ಗಿಟಾರ್ ಹಿಡಿದಿದ್ದರು. ಅದರ ಗಟ್ಟಿ ಮರದ ಮೈಯಿಂದ ಹೊರಡುವ ನಾದ ಹೆಚ್ಚು ಚೂಪು, ಹೆಚ್ಚು ಹೊತ್ತು ನಿಲ್ಲುವಂಥದ್ದು. ನುಡಿಸಿದ ಸ್ವರಗಳೇ ಹಾಡಿನ ಮೇಲ್ಪದರಕ್ಕೆ ಏರಿ ಬರುವಂತಿದ್ದವು. ವಾದ್ಯ, ಕೈ, ಸ್ಪೀಕರ್, ಕೊರೆಯುವ ಯಂತ್ರ ಎಲ್ಲವೂ ಒಂದೇ ಹಾಡಿನಲ್ಲಿ ಒದಗಿಬಂದದ್ದರ ಫಲ ಅದು. ಹಾಡು ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೆ ಏರಿತು.

ಸ್ಪೀಕರ್ ಮೈಕಾದಾಗ ನಿಜಕ್ಕೂ ಆಗುವುದೇನು ಎಂಬುದನ್ನು ತಿಳಿಯಲು ಎರಡರ ತೂಕವನ್ನು ಹೋಲಿಸಬೇಕು. ಒಳ್ಳೆಯ ಡೈನಮಿಕ್ ಮೈಕಿನ ಪೊರೆ ಮತ್ತು ಸುರುಳಿ ಸೇರಿದರೂ ಒಂದು ಗ್ರಾಂ ತೂಗುವುದಿಲ್ಲ. ಗಾಳಿಯ ಸಣ್ಣ ನಡುಕಕ್ಕೂ ಅದು ಸ್ಪಂದಿಸುತ್ತದೆ. ತಗ್ಗಿನ ನಾದಕ್ಕೆಂದು ಮಾಡಿದ 18 ಸೆಂ.ಮೀ. ಸ್ಪೀಕರಿನ, ಎಂದರೆ ವೂಫರಿನ, ಕೋನ್ ಮತ್ತು ಸುರುಳಿ ಹತ್ತಾರು ಪಟ್ಟು ಭಾರ. ಸೆಕೆಂಡಿಗೆ ಐವತ್ತು, ಅರವತ್ತು ಸಲ ತಳ್ಳುವ ದೊಡ್ಡ ಅಲೆಗೆ ಅದು ಸಲೀಸಾಗಿ ಓಲಾಡುತ್ತದೆ. ಸಾವಿರಾರು ಸಲ ತಳ್ಳುವ ಸಣ್ಣ ಅಲೆಗೆ ಅದರ ಜಡತ್ವವೇ ಅಡ್ಡಬರುತ್ತದೆ: ಮುಂದಕ್ಕೆ ಹೊರಡುವಷ್ಟರಲ್ಲಿ ಹಿಂದಕ್ಕೆ ಎಳೆತ ಬಂದಿರುತ್ತದೆ. ಇದರ ಜೊತೆಗೆ ಗಾತ್ರದ ತೊಡಕೂ ಇದೆ. 1,900 ಹರ್ಟ್ಸ್ ಸುಮಾರಿಗೆ ಗಾಳಿಯಲ್ಲಿ ಸದ್ದಿನ ತರಂಗಾಂತರ 18 ಸೆಂ.ಮೀ.ಗೆ ಇಳಿಯುತ್ತದೆ. ಅಲ್ಲಿಂದ ಮೇಲೆ ಓರೆಯಾಗಿ ಬರುವ ಅಲೆಯೊಂದು ಕೋನಿನ ಒಂದು ಅಂಚನ್ನು ತಳ್ಳುವ ಹೊತ್ತಿಗೆ ಇನ್ನೊಂದು ಅಂಚನ್ನು ಎಳೆಯುತ್ತಿರುತ್ತದೆ. ಎರಡೂ ಪರಸ್ಪರ ಅಳಿಸಿಹೋಗುತ್ತವೆ. ತಾಳದ ಝಲ್ಲೆನ್ನುವಿಕೆ, ಚರ್ಮಕ್ಕೆ ಬಡಿಯುವ ಪೆಟ್ಟಿನ ಚಟ್ ಎಂಬ ಅಂಚು, ಗಾಯಕನ ಸಕಾರ ಷಕಾರಗಳು ಇಂಥ ಮೈಕಿಗೆ ಮಂಕಾಗಿ ಮಾತ್ರ ಸಿಗುತ್ತವೆ.

ಮುಖ್ಯವಾದ ಸಂಗತಿ ಅನುರಣನ. ಕೋನ್ ತನ್ನ ತೂಕ ಮತ್ತು ಅಂಚಿನ ಸ್ಥಿತಿಸ್ಥಾಪಕತೆಗೆ ತಕ್ಕಂತೆ ಒಂದು ಸ್ವಂತ ಕಂಪನಾಂಕವನ್ನು ಹೊಂದಿರುತ್ತದೆ. ವೂಫರುಗಳಲ್ಲಿ ಅದು ಹಲವು ಹತ್ತು ಹರ್ಟ್ಸ್‌ಗಳ ಆಸುಪಾಸಿನಲ್ಲಿ, ಎಂದರೆ ಕಿಕ್ ಡ್ರಮ್ಮಿನ ಮೂಲಸ್ವರ ಇರುವ ಜಾಗದಲ್ಲೇ ಬೀಳುತ್ತದೆ. ಆ ಕಂಪನಾಂಕದಲ್ಲಿ ಕೋನ್ ಅತಿ ಹೆಚ್ಚು ವೇಗದಲ್ಲಿ ಓಡಾಡುತ್ತದೆ, ಪೆಟ್ಟು ನಿಂತ ಮೇಲೂ ಸ್ವಲ್ಪ ಹೊತ್ತು ಓಲಾಡುತ್ತಲೇ ಇರುತ್ತದೆ. ಸ್ಪೀಕರ್ ಸ್ಪೀಕರಾಗಿಯೇ ಇರುವಾಗ ಆಂಪ್ಲಿಫೈಯರಿನ ಕಡಿಮೆ ಔಟ್‌ಪುಟ್ ಇಂಪಿಡೆನ್ಸ್, ಎಂದರೆ ವಿದ್ಯುತ್ತಿಗೆ ಒಡ್ಡುವ ಅಡ್ಡಿ, ಈ ಓಲಾಟಕ್ಕೆ ವಿದ್ಯುತ್ತಿನ ಬ್ರೇಕು ಹಾಕುತ್ತದೆ: ಕೋನ್ ತಾನಾಗಿ ಚಲಿಸಿ ಹುಟ್ಟಿಸಿದ ವಿದ್ಯುತ್ತು ಆಂಪ್ಲಿಫೈಯರಿನ ಮೂಲಕ ಹರಿದು ಕೋನನ್ನೇ ತಡೆಯುತ್ತದೆ. ಮೈಕಿನ ಸಣ್ಣ ವೋಲ್ಟೇಜನ್ನು ಹಿಗ್ಗಿಸುವ ಪ್ರಿಆಂಪಿನ ಇನ್‌ಪುಟ್ ಇಂಪಿಡೆನ್ಸ್ ಸಾವಿರ ಓಮ್‌ಗಿಂತ ಹೆಚ್ಚು. ಎಂಟು ಓಮಿನ ಸುರುಳಿಯ ಪಾಲಿಗೆ ಅದು ತಂತಿ ಜೋಡಿಸದೇ ಬಿಟ್ಟಂತೆ. ಬ್ರೇಕು ಕಳಚಿಹೋದ್ದರಿಂದ ಕೋನ್ ತನ್ನಿಷ್ಟದಂತೆ ತೂಗುತ್ತದೆ.

ಈ ಭೌತಶಾಸ್ತ್ರದಿಂದ ಹೊರಡುವ ತೀರ್ಮಾನವೊಂದನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಸ್ಟುಡಿಯೋಗಳಲ್ಲಿ ಇದರ ಬಗ್ಗೆ ತಪ್ಪು ತಿಳಿವಳಿಕೆಯೇ ಹೆಚ್ಚು. ಬೇರೆ ಮೈಕುಗಳಿಗೆ ಸಿಗದ ತಗ್ಗಿನ ನಾದ ಸ್ಪೀಕರಿಗೆ ಸಿಗುತ್ತದೆ ಎಂಬ ಮಾತು ಪ್ರಚಾರದಲ್ಲಿದೆ. ಅದು ನಿಜವಲ್ಲ. ಒಳ್ಳೆಯ ಕಂಡೆನ್ಸರ್ ಮೈಕ್ 20 ಹರ್ಟ್ಸ್‌ವರೆಗೂ ನಿಷ್ಠೆಯಿಂದ ದಾಖಲಿಸುತ್ತದೆ. ಅದಕ್ಕಿಂತ ಕೆಳಗೆ ಡ್ರಮ್ಮಿನಲ್ಲಿ ಬಚ್ಚಿಟ್ಟುಕೊಂಡ ನಾದವೇನೂ ಇಲ್ಲ. ಸ್ಪೀಕರ್ ಮಾಡುವುದು ದಾಖಲೆಯಲ್ಲ, ಸೇರ್ಪಡೆ. ಡ್ರಮ್ಮಿನ ಪೆಟ್ಟು ಕೋನಿಗೆ ತಗುಲುತ್ತದೆ, ಕೋನ್ ತನ್ನ ಸ್ವಂತ ಸ್ವರವನ್ನು ಮಿಡಿಯುತ್ತದೆ, ಆ ಮಿಡಿತ ಟೇಪಿಗೆ ಹೋಗುತ್ತದೆ. ವೂಫರ್ ಇಲ್ಲಿ ಅರ್ಧ ಮೈಕ್, ಅರ್ಧ ವಾದ್ಯ. ಇದನ್ನು ಒಪ್ಪಿಕೊಂಡ ಎಂಜಿನಿಯರಿಗೆ ಅದರಿಂದ ಒಳ್ಳೆಯ ಕೆಲಸ ತೆಗೆಯುವುದು ಸುಲಭ. ಡ್ರಮ್ಮಿನ ಶ್ರುತಿಗೂ ವೂಫರಿನ ಸ್ವಂತ ಸ್ವರಕ್ಕೂ ಹೊಂದಿಕೆಯಿದ್ದರೆ ಪೆಟ್ಟು ತುಂಬಿಕೊಂಡು ಬರುತ್ತದೆ. ಇಲ್ಲದಿದ್ದರೆ ಎರಡು ಸ್ವರಗಳು ಗುದ್ದಾಡಿ ಗುಮ್ಮೆನ್ನುವ ಗೊಂದಲವಷ್ಟೇ ಉಳಿಯುತ್ತದೆ. ಡ್ರಮ್ಮಿನ ಚರ್ಮವನ್ನು ತುಸು ಬಿಗಿಗೊಳಿಸುವುದೋ ಸಡಿಲಿಸುವುದೋ ಆಗ ಮೈಕಿನ ಜಾಗ ಬದಲಿಸುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಕಿಕ್ ಡ್ರಮ್ಮಿನ ಮುಂದೆ ಬಿಳಿ ಕೋನಿನ ವೂಫರೊಂದು ಸ್ಟ್ಯಾಂಡಿನಲ್ಲಿ ಬೋಳಾಗಿ ನಿಂತಿರುವುದು ಹಲವು ಸ್ಟುಡಿಯೋಗಳಲ್ಲಿ ಕಾಣಸಿಗುವ ನೋಟ. ಆ ಬಿಳಿ ಕೋನ್ ಜಪಾನಿನ ಯಮಹಾ ಕಂಪನಿಯ ಎನ್‌ಎಸ್-10 ಸ್ಪೀಕರಿನದು. ಅಕಿರಾ ನಕಮುರಾ ವಿನ್ಯಾಸ ಮಾಡಿದ ಈ ಸ್ಪೀಕರ್ 1978ರಲ್ಲಿ ಮನೆಯಲ್ಲಿ ಸಂಗೀತ ಕೇಳುವವರಿಗಾಗಿ ಮಾರುಕಟ್ಟೆಗೆ ಬಂದು ಅಲ್ಲಿ ಹೇಳಿಕೊಳ್ಳುವಷ್ಟು ಮೆಚ್ಚುಗೆ ಪಡೆಯಲಿಲ್ಲ. ಆದರೆ ಅಮೆರಿಕದ ಮಿಕ್ಸಿಂಗ್ ಎಂಜಿನಿಯರುಗಳು, ಅದರಲ್ಲೂ ಬಾಬ್ ಕ್ಲಿಯರ್‌ಮೌಂಟನ್, ಅದನ್ನು ಮಿಕ್ಸಿಂಗ್ ಕನ್ಸೋಲಿನ ಮೇಲಿಟ್ಟು ಕೆಲಸ ಮಾಡತೊಡಗಿದರು. ಇದರಲ್ಲಿ ಚೆನ್ನಾಗಿ ಕೇಳಿಸಿದರೆ ಎಲ್ಲಿ ಬೇಕಾದರೂ ಚೆನ್ನಾಗಿ ಕೇಳಿಸುತ್ತದೆ ಎಂಬ ನಂಬಿಕೆ ಬೆಳೆಯಿತು. ಕೆಲವೇ ವರ್ಷಗಳಲ್ಲಿ ಅದು ಇಲ್ಲದ ಸ್ಟುಡಿಯೋ ಇಲ್ಲ ಎಂಬಂತಾಯಿತು. ತಾರದ ನಾದ ಹೊರಡಿಸುವ ಟ್ವೀಟರಿನ ಕಟುತನ ತಗ್ಗಿಸಲು ಅದರ ಮುಂದೆ ಟಿಶ್ಯೂ ಕಾಗದ ಅಂಟಿಸುವುದೂ ವಾಡಿಕೆಯಾಯಿತು. 2001ರಲ್ಲಿ ಕಂಪನಿ ಇದರ ತಯಾರಿಕೆ ನಿಲ್ಲಿಸಿತು. ಕೋನಿಗೆ ಬೇಕಾದ ಮರದ ತಿರುಳು ಸಿಗುವುದು ಕಷ್ಟವಾದದ್ದು ಅದಕ್ಕೆ ಕಾರಣ.

ಮೈಕಾಗಿ ಈ ವೂಫರೇ ಏಕೆ ಎಂಬುದಕ್ಕೆ ಮೊದಲ ಉತ್ತರ, ಅದು ಕೈಗೆಟುಕುವಲ್ಲಿ ಇತ್ತು ಎಂಬುದು. ಪ್ರತಿ ಸ್ಟುಡಿಯೋದಲ್ಲೂ ಒಂದಲ್ಲ ಒಂದು ಹಾಳಾದ ಜೋಡಿಯೋ ಬಿಡಿ ವೂಫರೋ ಇದ್ದೇ ಇರುತ್ತಿತ್ತು. ಅದರ ಗಾತ್ರವೂ ಗಟ್ಟಿ ಕಾಗದದ ಕೋನೂ ಈ ಕೆಲಸಕ್ಕೆ ಹೊಂದಿದವು ಎಂಬುದು ಎರಡನೆಯ ಮಾತು. ಮುಂದೆ ಯಮಹಾ ಕಂಪನಿಯೇ ‘ಸಬ್‌ಕಿಕ್’ ಎಂಬ ಹೆಸರಿನಲ್ಲಿ ಸಿದ್ಧ ಉಪಕರಣವೊಂದನ್ನು ಮಾರಾಟಕ್ಕೆ ತಂದಿತು. ಹತ್ತು ಅಂಗುಲದ ಪುಟ್ಟ ಡ್ರಮ್ಮಿನ ಮರದ ಹೊರಮೈಯೊಳಗೆ ಆರೂವರೆ ಅಂಗುಲದ ಸ್ಪೀಕರನ್ನು ತೂಗಿಬಿಟ್ಟು, ಕೆಳಗೊಂದು ಸ್ಟ್ಯಾಂಡು, ಪಕ್ಕದಲ್ಲಿ ಮೈಕಿನ ಕೇಬಲ್ ಸಿಕ್ಕಿಸುವ ಒಂದು ಎಕ್ಸ್‌ಎಲ್‌ಆರ್ ಸಾಕೆಟ್ಟು ಕೊಟ್ಟಿದ್ದರು. ಈಗ ಅದರ ತಯಾರಿಕೆ ನಿಂತಿದೆ, ಬೇರೆ ಸಣ್ಣ ತಯಾರಕರು ಅದೇ ತತ್ತ್ವದ ಮೈಕುಗಳನ್ನು ಮಾಡುತ್ತಾರೆ. ಎನ್‌ಎಸ್-10 ಈಗ ಸಿಗದ ಸರಕು. ಸರಿಯಿರುವ ಜೋಡಿಯನ್ನು ಈ ಕೆಲಸಕ್ಕಾಗಿ ಬಿಚ್ಚುವುದು ಅನ್ಯಾಯ. 15ರಿಂದ 20 ಸೆಂ.ಮೀ. ಗಾತ್ರದ, ಅಂಚು ಹರಿಯದ, ಸುರುಳಿ ಉಜ್ಜದ ಯಾವುದೇ ಹಳೆಯ ವೂಫರ್ ಸಾಕು. ಕಾರಿನ ಸ್ಪೀಕರೂ ಆಗುತ್ತದೆ.

ಜೋಡಣೆ ಕಷ್ಟದ್ದಲ್ಲ, ಆದರೆ ಒಂದು ಕಡೆ ಎಲ್ಲರೂ ಎಡವುತ್ತಾರೆ. ಎಕ್ಸ್‌ಎಲ್‌ಆರ್ ಪ್ಲಗ್ಗಿನ ಮೂರು ಪಿನ್ನುಗಳಲ್ಲಿ ಒಂದನೆಯದು ನೆಲ, ಎರಡನೆಯದು ಧನ, ಮೂರನೆಯದು ಋಣ. ಸ್ಪೀಕರಿನ ಧನ ತುದಿಯನ್ನು ಎರಡನೇ ಪಿನ್ನಿಗೆ ಬೆಸೆಯುವುದೇ ಸಹಜ ಎನಿಸುತ್ತದೆ. ಸರಿಯಾದದ್ದು ಅದರ ತಿರುಗುಮುರುಗು. ಧನ ವೋಲ್ಟೇಜ್ ಕೊಟ್ಟಾಗ ಕೋನ್ ಹೊರಕ್ಕೆ ಬರಬೇಕು ಎಂಬುದು ಸ್ಪೀಕರಿನ ನಿಯಮ. ಗಾಳಿಯ ಒತ್ತಡ ಬಿದ್ದಾಗ, ಅಂದರೆ ಪೊರೆ ಒಳಕ್ಕೆ ಹೋದಾಗ, ಎರಡನೇ ಪಿನ್ನಿನಲ್ಲಿ ಧನ ವೋಲ್ಟೇಜ್ ಬರಬೇಕು ಎಂಬುದು ಮೈಕಿನ ನಿಯಮ. ಆದ್ದರಿಂದ ಸ್ಪೀಕರಿನ ಋಣ ತುದಿ ಎರಡನೇ ಪಿನ್ನಿಗೆ, ಧನ ತುದಿ ಮೂರನೆಯದಕ್ಕೆ. ಕೇಬಲ್ಲಿನ ಶೀಲ್ಡನ್ನು ಒಂದನೇ ಪಿನ್ನಿಗೂ ಸ್ಪೀಕರಿನ ಲೋಹದ ಚೌಕಟ್ಟಿಗೂ ಸೇರಿಸಿದರೆ ಗುಂಯ್ ಎನ್ನುವ ವಿದ್ಯುತ್ ಸದ್ದು ತಗ್ಗುತ್ತದೆ. ಕಂಡೆನ್ಸರ್ ಮೈಕುಗಳಿಗೆಂದು ಪ್ರಿಆಂಪ್ ಕಳಿಸುವ 48 ವೋಲ್ಟಿನ ಫ್ಯಾಂಟಮ್ ಪವರನ್ನು ಆಫ್ ಮಾಡಿಡಬೇಕು. ತಂತಿ ಸರಿಯಿದ್ದರೆ ಆ 48 ವೋಲ್ಟ್ ಎರಡೂ ಪಿನ್ನುಗಳಲ್ಲಿ ಸಮನಾಗಿದ್ದು ಸುರುಳಿಯಲ್ಲಿ ಏನೂ ಹರಿಯುವುದಿಲ್ಲ, ಒಂದು ತಂತಿ ಕಿತ್ತಿದ್ದರೆ ಹರಿಯುತ್ತದೆ.

ಪೆಡಲಿನ ಪ್ರತಿ ಪೆಟ್ಟಿಗೂ ಇಷ್ಟು ದೊಡ್ಡ ಕೋನ್ ಹುಟ್ಟಿಸುವ ವೋಲ್ಟೇಜ್ ಸಾಮಾನ್ಯ ಮೈಕಿಗಿಂತ ಬಹಳ ಹೆಚ್ಚು. ಪ್ರಿಆಂಪ್ ತಾಳಲಾರದೆ ಸದ್ದು ಒಡೆಯುತ್ತದೆ. 20 ಡೆಸಿಬೆಲ್ ತಗ್ಗಿಸುವ ಪ್ಯಾಡ್ ಬಹುಮಟ್ಟಿಗೆ ಎಲ್ಲ ಸಂದರ್ಭದಲ್ಲೂ ಬೇಕಾಗುತ್ತದೆ. ಓಲಾಟ ಅತಿಯಾದರೆ ಅದಕ್ಕೂ ಮದ್ದಿದೆ: ಸ್ಪೀಕರಿನ ಎರಡು ತುದಿಗಳ ನಡುವೆ ಹತ್ತಿಪ್ಪತ್ತು ಓಮಿನ ರೆಸಿಸ್ಟರ್ ಒಂದನ್ನು ಬೆಸೆದರೆ ಕಳಚಿಹೋಗಿದ್ದ ವಿದ್ಯುತ್ತಿನ ಬ್ರೇಕು ಭಾಗಶಃ ಮರಳುತ್ತದೆ, ಮಿಡಿತ ಮೊಟಕಾಗುತ್ತದೆ. ಬೇರೆ ಬೇರೆ ಓಮಿನ ರೆಸಿಸ್ಟರುಗಳನ್ನು ಬದಲಿಸಿ ಕೇಳುವುದು ಒಂದು ಸಂಜೆಯ ಕೆಲಸ. ಈ ಉಪಾಯದಲ್ಲಿ ಇಷ್ಟು ಅಗ್ಗದಲ್ಲಿ ಇಷ್ಟು ಬದಲಾವಣೆ ತರುವ ಭಾಗ ಬೇರೊಂದಿಲ್ಲ.

ಇಡುವ ಜಾಗ ಡ್ರಮ್ಮಿನ ಮುಂಚರ್ಮಕ್ಕೆ ಕೆಲವು ಸೆಂಟಿಮೀಟರ್ ದೂರದಲ್ಲಿ, ಕೋನಿನ ಮುಖ ಚರ್ಮದ ಕಡೆಗೆ. ಪೆಟ್ಟಿಗೆಯಿಲ್ಲದ ಬೋಳು ಸ್ಪೀಕರ್ ಮುಂದಿನಿಂದಲೂ ಹಿಂದಿನಿಂದಲೂ ಕೇಳಿಸಿಕೊಳ್ಳುತ್ತದೆ, ಪಕ್ಕದಿಂದ ಬಂದದ್ದು ಎರಡೂ ಕಡೆ ಸಮನಾಗಿ ಒತ್ತಿ ರದ್ದಾಗುತ್ತದೆ. ಬೇಸ್ ಆಂಪ್ ಪಕ್ಕದಲ್ಲೇ ಇದ್ದರೆ ಸ್ಪೀಕರಿನ ಅಂಚು ಅದರತ್ತ ತಿರುಗಿರುವಂತೆ ನಿಲ್ಲಿಸುವುದು ಜಾಣತನ. ಈ ಮೈಕ್ ಒಂಟಿಯಾಗಿ ಎಂದೂ ಸಾಲದು. ಡ್ರಮ್ಮಿನೊಳಗೋ ಬಾಯಲ್ಲೋ ಸಾಮಾನ್ಯ ಮೈಕೊಂದು ಪೆಟ್ಟಿನ ಚೂಪನ್ನು ಹಿಡಿದಿರಬೇಕು. ಸ್ಪೀಕರಿನ ಟ್ರ್ಯಾಕಿನಲ್ಲಿ ಸುಮಾರು 100 ಹರ್ಟ್ಸ್‌ಗಿಂತ ಮೇಲಿನದನ್ನು ಫಿಲ್ಟರ್ ಮಾಡಿ ಕೆಳಗಿನದನ್ನಷ್ಟೇ ಆ ಸಾಮಾನ್ಯ ಮೈಕಿನ ಟ್ರ್ಯಾಕಿನಡಿ ಸೇರಿಸಬೇಕು. ಸೇರಿಸುವಾಗ ಇರುವ ಅಪಾಯ, ಎರಡು ಅಲೆಗಳ ಏರಿಳಿತ ಹೊಂದದೆ ಪರಸ್ಪರ ಅಳಿಸಿಹೋಗುವ ಫೇಸ್‌ನದು. ಎರಡು ಮೈಕುಗಳ ನಡುವೆ 30 ಸೆಂ.ಮೀ. ಅಂತರವಿದ್ದರೂ ಸದ್ದು ತಲುಪುವುದರಲ್ಲಿ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ವ್ಯತ್ಯಾಸ. 60 ಹರ್ಟ್ಸ್‌ನ ತರಂಗಾಂತರ ಐದೂವರೆ ಮೀಟರಿಗೂ ಹೆಚ್ಚಾದ್ದರಿಂದ ಅಷ್ಟು ತಡ ಏನೂ ಅಲ್ಲ. ತೊಂದರೆ ಕೊಡುವುದು ಅನುರಣನ. ತನ್ನ ಸ್ವಂತ ಕಂಪನಾಂಕದ ಕೆಳಗೆ ಕೋನಿನ ವೇಗ ಒತ್ತಡಕ್ಕಿಂತ ಮುಂದಿರುತ್ತದೆ, ಮೇಲೆ ಹೋದಂತೆ ಹಿಂದೆ ಬೀಳುತ್ತದೆ. ಹಾಗಾಗಿ ತಂತಿ ಸರಿಯಾಗಿ ಬೆಸೆದಿದ್ದರೂ ಧನ ಋಣಗಳನ್ನು ಅದಲುಬದಲು ಮಾಡುವ ಪ್ರಿಆಂಪಿನ ಪೊಲಾರಿಟಿ ಗುಂಡಿಯನ್ನು ಒತ್ತಿ ಎರಡೂ ರೀತಿ ಕೇಳಲೇಬೇಕು, ಬೇಸ್ ಯಾವುದರಲ್ಲಿ ತುಂಬಿಕೊಳ್ಳುತ್ತದೋ ಅದನ್ನು ಉಳಿಸಿಕೊಳ್ಳಬೇಕು. ಕಂಪ್ಯೂಟರಿನಲ್ಲಿ ಟ್ರ್ಯಾಕನ್ನು ಕೆಲವು ಮಿಲಿಸೆಕೆಂಡ್ ಹಿಂದೆ ಮುಂದೆ ಸರಿಸಿ ನೋಡುವುದೂ ಇದೆ.

ಕಿಕ್ ಡ್ರಮ್ಮಿಗೆ ಒಗ್ಗುವುದು ಅಗಲವಾದ ಚರ್ಮದ, ತಗ್ಗಿನ ನಾದದ ಬೇರೆ ವಾದ್ಯಗಳಿಗೂ ಒಗ್ಗುತ್ತದೆ. ಡೊಳ್ಳಿನಂಥ ವಾದ್ಯದಲ್ಲಿ ಕೋಲಿನ ಪೆಟ್ಟಿಗೆ ಒಂದು ಮೈಕ್, ಒಡಲಿನ ಗುಮ್ಮೆನ್ನುವ ನಾದಕ್ಕೆ ಒಂದು ವೂಫರ್ ಎಂದು ಕೆಲಸ ಹಂಚಬಹುದು. ಮೃದಂಗ, ತಬಲಾಗಳಿಗೆ ಇದು ಹೇಳಿದ್ದಲ್ಲ. ಅವುಗಳ ಎಡಭಾಗದ ನಾದ ಕೈಯ ಒತ್ತಡಕ್ಕೆ ತಕ್ಕಂತೆ ಜಾರುತ್ತಾ ಏರಿಳಿಯುತ್ತದೆ, ಒಂದೇ ಸ್ವರಕ್ಕೆ ಅಂಟಿಕೊಂಡ ವೂಫರ್ ಆ ಜಾರುವಿಕೆಯನ್ನು ಹಿಂಬಾಲಿಸಲಾರದು. ಬೇಸ್ ಗಿಟಾರಿನಲ್ಲೂ ಇದೇ ತೊಡಕು ಸಣ್ಣ ಪ್ರಮಾಣದಲ್ಲಿದೆ: ಅತಿ ತಗ್ಗಿನ ತಂತಿಯ 41 ಹರ್ಟ್ಸ್‌ನಿಂದ ಮೇಲಕ್ಕೆ ಹೋದಂತೆ ಕೆಲವು ಸ್ವರಗಳು ಉಬ್ಬಿ, ಕೆಲವು ಅಡಗಿ ಕೇಳುತ್ತವೆ. ಇದನ್ನು ತಪ್ಪಿಸಲು ಆಂಪಿನ ಮುಂದೆ ಇನ್ನೊಂದು ಮೈಕನ್ನೂ ಇಟ್ಟು ಎರಡನ್ನೂ ಬೆರೆಸುತ್ತಾರೆ.

ಚಿಕ್ಕ ಸ್ಪೀಕರುಗಳ ಕಥೆ ಇದಕ್ಕೆ ವಿರುದ್ಧ. ಹೆಡ್‌ಫೋನಿನ ಪ್ಲಗ್ಗನ್ನು ಮೈಕಿನ ಕಿಂಡಿಗೆ ಹಾಕಿ ಕಿವಿಯ ಬಟ್ಟಲಿನಲ್ಲಿ ಮಾತಾಡಿದರೆ ದನಿ ಬರುತ್ತದೆ. ಕೈಯಲ್ಲಿ ಮೈಕಿಲ್ಲದ ಡಿಜೆಗಳು ಹೀಗೆ ಕಾರ್ಯಕ್ರಮ ನಡೆಸಿದ್ದುಂಟು. ಹಳೆಯ ದೂರವಾಣಿಯ ಕಿವಿಭಾಗ, ಟ್ರಾನ್ಸಿಸ್ಟರ್ ರೇಡಿಯೋದ ಪುಟ್ಟ ಸ್ಪೀಕರ್ ಇವುಗಳಲ್ಲಿ ಹಾಡಿದರೆ ತಗ್ಗೂ ಇಲ್ಲದ, ತಾರವೂ ಇಲ್ಲದ, ನಡುವಿನ ಪಟ್ಟಿಯಲ್ಲಿ ಮಾತ್ರ ಉಳಿದ ದನಿ ಸಿಗುತ್ತದೆ. ದೂರದಿಂದ, ಹಳೆಯ ಕಾಲದಿಂದ ಬಂದಂತೆ ಕೇಳಬೇಕಾದ ಸಾಲೊಂದಕ್ಕೆ ಇದು ಕಂಪ್ಯೂಟರಿನ ಫಿಲ್ಟರಿಗಿಂತ ಜೀವಂತವಾಗಿರುತ್ತದೆ. ಕೋನಿನ ಸಣ್ಣ ಅಂಕುಡೊಂಕುಗಳೆಲ್ಲ ಅದರಲ್ಲಿ ಸೇರಿರುತ್ತವೆ.

ಎಲ್ಲ ಸಾಧನಗಳನ್ನೂ ಹೀಗೆ ತಿರುಗಿಸಲಾಗುವುದಿಲ್ಲ. ಪೀಜೋ ಬಜರಿನ ಹಿತ್ತಾಳೆ ಬಿಲ್ಲೆ ಎರಡೂ ದಿಕ್ಕಿನಲ್ಲಿ ದುಡಿಯುತ್ತದೆ, ಅದನ್ನು ವಾದ್ಯದ ಮೈಗೆ ಅಂಟಿಸಿ ಕಾಂಟ್ಯಾಕ್ಟ್ ಮೈಕ್ ಮಾಡಿಕೊಳ್ಳುವವರು ಬಹಳ. ಎಡಿಸನ್‌ನ ಇಂಗಾಲದ ಟ್ರಾನ್ಸ್‌ಮಿಟರ್ ಬ್ಯಾಟರಿಯ ವಿದ್ಯುತ್ತನ್ನು ಏರಿಳಿಸುವಂಥದ್ದೇ ಹೊರತು ತಾನಾಗಿ ಹುಟ್ಟಿಸುವಂಥದ್ದಲ್ಲವಾದ್ದರಿಂದ ಅದಕ್ಕೆ ಹಿಮ್ಮುಖವಿಲ್ಲ. ಡೈನಮಿಕ್ ಮೈಕನ್ನು ಸ್ಪೀಕರ್ ಮಾಡಬಹುದು, ಪಿಸುಗುಟ್ಟುವಷ್ಟು ಸದ್ದೂ ಬರುತ್ತದೆ, ಆದರೆ ಕೂದಲಿನಂಥ ತಂತಿಯ ಆ ಸುರುಳಿ ಆಂಪ್ಲಿಫೈಯರಿನ ವಿದ್ಯುತ್ತನ್ನು ತಾಳದೆ ಸುಟ್ಟುಹೋಗುತ್ತದೆ. ಸ್ಪೀಕರಿನ ದಪ್ಪ ಸುರುಳಿಗೆ ಸ್ಟುಡಿಯೋದ ಯಾವ ಡ್ರಮ್ಮಿನಿಂದಲೂ ಆ ಭಯವಿಲ್ಲ.